ಗ್ರೀಸ್‌ಗೆ ಹೋಗುವುದು ಯಾವಾಗ: ಬೇಸಿಗೆ ರಜೆಯಲ್ಲೋ, ದಸರಾ ರಜೆಯಲ್ಲೋ?

ಸುತ್ತಾಟಪ್ರಿಯೆ
ಎಲ್ಲರಿಗೂ ನಮಸ್ಕಾರ. 2027ರಲ್ಲಿ ಮನೆಮಂದಿಯೆಲ್ಲ ಗ್ರೀಸ್‌ಗೆ ಹೋಗುವ ಯೋಚನೆಯಿದೆ. ನಾನು, ಯಜಮಾನರು, ಏಳನೇ ತರಗತಿಯ ಮಗಳು, ಮಂಡಿನೋವಿನ ಮಾವ, ಧೂಳೆಂದರೆ ಉಬ್ಬಸ ಬರುವ ಅತ್ತೆ. ಎಲ್ಲರೂ ಸಸ್ಯಾಹಾರಿಗಳು. ಅಥೆನ್ಸ್ ನಗರ, ಸ್ಯಾಂಟೊರಿನಿ ಮತ್ತು ಕ್ರೀಟ್ ದ್ವೀಪಗಳನ್ನು ನೋಡುವ ಆಸೆ. ಶಾಲೆಯ ಲೆಕ್ಕ ಹಿಡಿದರೆ ಏಪ್ರಿಲ್–ಮೇ ಅಥವಾ ದಸರಾ ರಜೆ. ಯಜಮಾನರಿಗೆ ಕಚೇರಿಯಲ್ಲಿ ಜುಲೈ ರಜೆ ಸುಲಭವಾಗಿ ಸಿಗುತ್ತದೆ, ಹಾಗಾಗಿ ಅವರದು ಜುಲೈ ಜಪ. ಟ್ರಾವೆಲ್ ಏಜೆಂಟರು ಮಾತ್ರ ನವೆಂಬರ್ ಕೊನೆಯ ಪ್ಯಾಕೇಜನ್ನು ಅರ್ಧ ಬೆಲೆಗೆ ಕೊಡುತ್ತೇನೆ ಎಂದು ಬೆನ್ನುಹತ್ತಿದ್ದಾರೆ. "ಮೆಡಿಟರೇನಿಯನ್ ಹವೆ ಮೇಡಂ, ವರ್ಷವಿಡೀ ಹಿತವಾಗಿರುತ್ತದೆ" ಎಂಬುದು ಅವರ ಮಾತು. ನಿಜವೇ? ಮಗಳಿಗೆ ಸಮುದ್ರದಲ್ಲಿ ಈಜಲೇಬೇಕಂತೆ.

ಕರಾವಳಿಯವ
ಈಜಲು ಅಷ್ಟು ದೂರ ಯಾಕೆ? ಮಲ್ಪೆಗೆ ಬನ್ನಿ.

ಸುತ್ತಾಟಪ್ರಿಯೆ
ಮಲ್ಪೆ ಮುಗಿದಿದೆ ಸರ್, ಮರವಂತೆಯೂ ಮುಗಿದಿದೆ. ಪ್ರಶ್ನೆಗೆ ಉತ್ತರ ಕೊಡಿ.

ಪಿರೇಯಸ್_ಕಟ್ಟೆ
ನಾನು ಕಾರವಾರದವನು, ಹಡಗಿನ ಕಂಪನಿಯ ಕೆಲಸದ ಮೇಲೆ ಅಥೆನ್ಸಿನ ಪಕ್ಕದ ಪಿರೇಯಸ್ ಬಂದರಿನಲ್ಲಿದ್ದೇನೆ. ಮೊದಲು ಆ ನವೆಂಬರ್ ಪ್ಯಾಕೇಜನ್ನು ಬದಿಗಿಡಿ. ಅರ್ಧ ಬೆಲೆಗೆ ಕೊಡುತ್ತಿರುವುದು ಅರ್ಧ ಸ್ಯಾಂಟೊರಿನಿಯನ್ನೂ ಅಲ್ಲ. ನವೆಂಬರ್ ನಡುವಿನ ಹೊತ್ತಿಗೆ ಈಯಾ ಊರಿನ ಹೋಟೆಲ್ಲು, ಉಪಾಹಾರಗೃಹಗಳು ಹೆಚ್ಚುಕಡಿಮೆ ಬಾಗಿಲು ಹಾಕಿ, ಕೆಲಸಗಾರರು ಊರಿಗೆ ಹೊರಟಿರುತ್ತಾರೆ. ದ್ವೀಪದ ಮುಖ್ಯ ಊರಾದ ಫೀರಾದಲ್ಲಿ ಕೆಲವು ಅಂಗಡಿಗಳು ತೆರೆದಿರುತ್ತವೆ. ವೇಗದ ಕ್ಯಾಟಮರಾನ್ ಹಡಗುಗಳು ಚಳಿಗಾಲದಲ್ಲಿ ನಿಂತುಹೋಗುತ್ತವೆ, ಉಳಿಯುವುದು ಎಂಟು ಗಂಟೆ ಹಿಡಿಯುವ ದೊಡ್ಡ ಹಡಗು. ಅದೂ ಗಾಳಿ ಬ್ಯೂಫೋರ್ಟ್ ಮಾಪಕದಲ್ಲಿ 8, ಅಂದರೆ ಬಿರುಗಾಳಿಯ ಮಟ್ಟ, ದಾಟಿತೆಂದರೆ ಬಂದರು ಅಧಿಕಾರಿಗಳು ಬಿಡುವುದಿಲ್ಲ.

ನವೆಂಬರ್, ಡಿಸೆಂಬರ್ ಇಲ್ಲಿ ಮಳೆಗಾಲ. ಸಂಜೆ ಐದೂಕಾಲಿಗೆ ಕತ್ತಲು. ನೀಲಿ ಗುಮ್ಮಟ, ಬಿಳಿ ಗೋಡೆ, ಮಿನುಗುವ ಕಡಲಿನ ಚಿತ್ರ ತೋರಿಸಿ ನವೆಂಬರ್ ಟಿಕೆಟ್ ಮಾರುವವರ ಧೈರ್ಯವನ್ನು ಮೆಚ್ಚಬೇಕು.

ಕಾಸಿಗೆ_ಕಾಸು
ಪಿರೇಯಸ್ ಅವರೇ, ಚಳಿಗಾಲದ ಮೇಲೆ ಇಷ್ಟು ಸಿಟ್ಟೇಕೆ? ನಾನು ಹೋದದ್ದು ಜನವರಿಯಲ್ಲಿ. ಅಥೆನ್ಸಿನಲ್ಲಿ ಹಗಲು 13 ಡಿಗ್ರಿ, ಮಡಿಕೇರಿಯವರಿಗೆ ಅದು ಚಳಿಯೇ ಅಲ್ಲ. ಕೋಟೆಗುಡ್ಡ ಅಕ್ರೊಪೊಲಿಸ್ ಮೇಲಿನ ಪಾರ್ಥೆನಾನ್ ದೇಗುಲದ ಎದುರು ನಿಂತು ಫೋಟೊ ತೆಗೆದರೆ ಹಿನ್ನೆಲೆಯಲ್ಲಿ ಒಬ್ಬರೂ ಇರಲಿಲ್ಲ. ಜನವರಿ ನಡುವೆ ಗಾಳಿ ನಿಂತು ಬಿಸಿಲು ಕಾಯಿಸುವ ಕೆಲವು ದಿನಗಳು ಬರುತ್ತವೆ. ಅದಕ್ಕೆ ಅವರು ಹಾಲ್ಸಿಯನ್ ದಿನಗಳು ಎನ್ನುತ್ತಾರೆ, ಮಿಂಚುಳ್ಳಿ ಹಕ್ಕಿ ಮೊಟ್ಟೆಯಿಡುವ ಕಾಲವೆಂದು ಹಳೆಯ ಕಥೆ. ನವೆಂಬರಿನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಭಾನುವಾರ ಸರ್ಕಾರಿ ಸ್ಮಾರಕಗಳಿಗೆ ಪ್ರವೇಶ ಉಚಿತ. ಹೋಟೆಲ್ ಮೇಲೆ ಸರ್ಕಾರ ಹಾಕುವ ಹವಾಮಾನ ಶುಲ್ಕವೂ ಚಳಿಗಾಲದಲ್ಲಿ ಕಡಿಮೆ.

ಪಿರೇಯಸ್_ಕಟ್ಟೆ
ನಾನು ಅಥೆನ್ಸನ್ನು ಬೈಯಲಿಲ್ಲ, ಸ್ಯಾಂಟೊರಿನಿಯ ಮಾತಾಡಿದೆ. ಅಥೆನ್ಸಿಗೆ ಚಳಿಗಾಲ ಚೆನ್ನ, ಒಪ್ಪುತ್ತೇನೆ. ಆದರೆ ಮೊದಲಿದ್ದ ಚಳಿಗಾಲದ ಅರ್ಧ ದರ ಅಕ್ರೊಪೊಲಿಸ್‌ಗೆ ಈಗ ಇಲ್ಲ. 2025ರ ಏಪ್ರಿಲ್‌ನಿಂದ ವರ್ಷವಿಡೀ 30 ಯೂರೋ. ಮಿಂಚುಳ್ಳಿಯ ಮೇಲೆ ಭಾರ ಹಾಕಿ ಟಿಕೆಟ್ ತೆಗೆದುಕೊಳ್ಳುವುದೂ ಬೇಡ. 2022ರ ಜನವರಿಯಲ್ಲಿ ಎಲ್ಪಿಡಾ ಎಂಬ ಹಿಮಬಿರುಗಾಳಿ ಬಂದಾಗ ಅಥೆನ್ಸಿನ ಹೆದ್ದಾರಿಯಲ್ಲಿ ಜನ ರಾತ್ರಿಯೆಲ್ಲ ಕಾರಿನಲ್ಲೇ ಸಿಕ್ಕಿಕೊಂಡಿದ್ದರು.

ರಾಯಚೂರು_ಬಿಸಿಲು
ಯಜಮಾನರ ಮಾತು ಕೇಳಿ ಮೇಡಂ, ಜುಲೈಯೇ ಸರಿ. ಅಥೆನ್ಸಿನಲ್ಲಿ ಜುಲೈ ಹಗಲಿನ ಸರಾಸರಿ 33–34 ಡಿಗ್ರಿ. ನಮಗದು ದೀಪಾವಳಿಯ ಹವೆ! ಯುರೋಪಿನವರು 35 ಕಂಡರೆ ಪತ್ರಿಕೆಯಲ್ಲಿ ಮುಖಪುಟ ಬರೆಯುತ್ತಾರೆ. ಬಿಸಿಲು ನಮಗೆ ಹೊಸದೇ?

ಶಿವಮೊಗ್ಗ_ಟು_ಸ್ಟುಟ್‌ಗಾರ್ಟ್
ರಾಯಚೂರಿನವರಿಗೆ ಒಂದು ಪ್ರಶ್ನೆ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ನೀವು ಕೋಟೆ ಹತ್ತುತ್ತೀರಾ? ಕಿಟಕಿ ಮುಚ್ಚಿ, ಫ್ಯಾನ್ ಹಾಕಿಕೊಂಡು ಮಲಗುತ್ತೀರಿ. ಪ್ರವಾಸಕ್ಕೆ ಬಂದವರು ಮಾಡುವುದು ನೇರ ವಿರುದ್ಧ. ಅಕ್ರೊಪೊಲಿಸ್ ಅಂದರೆ ಮರವಿಲ್ಲದ ಬಂಡೆ, ಮೇಲೆಲ್ಲ ಬಿಳಿ ಅಮೃತಶಿಲೆ, ಕಾಲಡಿಯಲ್ಲಿ ಜಾರುವ ಕಲ್ಲು. ಧಗೆ ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ. ಸರಾಸರಿ 33 ಎಂದರೆ ಬಿಸಿಗಾಳಿಯ ವಾರದಲ್ಲಿ 40 ದಾಟುತ್ತದೆ ಎಂದೂ ಅರ್ಥ. 2023ರಿಂದೀಚೆಗೆ ಅಂಥ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡು, ಒಂದರಿಂದ ಸಂಜೆ ಐದರವರೆಗೆ ಅಕ್ರೊಪೊಲಿಸನ್ನೇ ಮುಚ್ಚುತ್ತಿದ್ದಾರೆ. ಟಿಕೆಟ್ಟಿಗೆ ಗಂಟೆಯ ಸಮಯ ನಿಗದಿಯಾಗಿರುತ್ತದೆ, ಆ ಸಮಯಕ್ಕೇ ಬಾಗಿಲು ಮುಚ್ಚಿದರೆ ದಿನದ ಯೋಜನೆಯೆಲ್ಲ ತಲೆಕೆಳಗು.

ರಾಯಚೂರು_ಬಿಸಿಲು
ಬೆಳಿಗ್ಗೆ ಎಂಟಕ್ಕೆ ಹೋಗಿ, ಹತ್ತಕ್ಕೆ ಇಳಿದುಬಿಡಿ. ಇದಕ್ಕೇನು ಮಹಾ ಶಾಸ್ತ್ರ?

ಶಿವಮೊಗ್ಗ_ಟು_ಸ್ಟುಟ್‌ಗಾರ್ಟ್
ಮಂಡಿನೋವಿನ ಹಿರಿಯರನ್ನು ಕರೆದುಕೊಂಡು, ಹಡಗು ತುಂಬ ಬಂದಿಳಿದ ಜನರ ಜೊತೆ ಎಂಟಕ್ಕೆ ಸಾಲಿನಲ್ಲಿ ನಿಂತು ನೋಡಿ, ಆಮೇಲೆ ಮಾತಾಡೋಣ.

ಬಳ್ಳಾರಿ_ಗಣಿ
ಯುರೋಪಿನ ದಾಖಲೆಯ ಬಿಸಿಲೂ ಅಥೆನ್ಸಿನದೇ ಅಲ್ಲವೇ? 48 ಡಿಗ್ರಿ.

ಹವಾಮಾನದ_ಮೇಷ್ಟ್ರು
ಅಥೆನ್ಸಿನ ಹತ್ತಿರದ ಎಲೆಫ್ಸೀನಾದಲ್ಲಿ 1977ರ ಜುಲೈ 10ರಂದು 48 ದಾಖಲಾಗಿತ್ತು. ಈಗ ಅದು ಎರಡನೆಯದು. 2021ರ ಆಗಸ್ಟ್ 11ರಂದು ಇಟಲಿಯ ಸಿಸಿಲಿಯಲ್ಲಿ 48.8 ಡಿಗ್ರಿ ಬಂತು, ವಿಶ್ವ ಹವಾಮಾನ ಸಂಸ್ಥೆ ಅದನ್ನು 2024ರಲ್ಲಿ ಮಾನ್ಯ ಮಾಡಿತು.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನ ಚಟ. "ಮೆಡಿಟರೇನಿಯನ್ ಹವೆ" ಎಂದರೆ ವರ್ಷವಿಡೀ ಹಿತ ಎಂದಲ್ಲ. ಬೇಸಿಗೆಯಲ್ಲಿ ಒಣ ಬಿಸಿಲು, ಚಳಿಗಾಲದಲ್ಲಿ ಮಳೆ ಎಂದಷ್ಟೇ ಅರ್ಥ. ಬೇಸಿಗೆಯಲ್ಲಿ ಉಪೋಷ್ಣ ವಲಯದ ಅಧಿಕ ಒತ್ತಡ ಉತ್ತರಕ್ಕೆ ಸರಿದು ಮುಚ್ಚಳ ಹಾಕಿದಂತೆ ಕೂರುತ್ತದೆ, ಮೋಡ ಕಟ್ಟುವುದಿಲ್ಲ. ಚಳಿಗಾಲದಲ್ಲಿ ಅದು ದಕ್ಷಿಣಕ್ಕೆ ಇಳಿದು ದಾರಿ ಬಿಡುತ್ತದೆ, ಪಶ್ಚಿಮದಿಂದ ವಾಯುಭಾರ ಕುಸಿತಗಳು ಒಂದರ ಹಿಂದೆ ಒಂದು ಬರುತ್ತವೆ.

ಇದರಲ್ಲಿ ನಮ್ಮ ಮುಂಗಾರಿನ ಪಾಲೂ ಇದೆ. ಜೂನ್, ಜುಲೈನಲ್ಲಿ ಭಾರತದ ಮೇಲೆ ಮಳೆ ಸುರಿಯುವಾಗ ಬಿಡುಗಡೆಯಾಗುವ ಅಪಾರ ಶಾಖದಿಂದ ಇಲ್ಲಿ ಗಾಳಿ ಮೇಲೇರುತ್ತದೆ, ಅದರ ಪರಿಣಾಮವಾಗಿ ಪೂರ್ವ ಮೆಡಿಟರೇನಿಯನ್ ಮತ್ತು ಸಹಾರಾದ ಪೂರ್ವ ಭಾಗದ ಮೇಲೆ ಗಾಳಿ ಕೆಳಗಿಳಿಯುತ್ತದೆ. ಕೆಳಗಿಳಿಯುವ ಗಾಳಿ ಒಣಗಾಳಿ. ರಾಡ್ವೆಲ್ ಮತ್ತು ಹಾಸ್ಕಿನ್ಸ್ ಎಂಬ ವಿಜ್ಞಾನಿಗಳು 1996ರಲ್ಲಿ ಇದನ್ನು ಗಣಿತದ ಮಾದರಿಯಿಂದ ತೋರಿಸಿದರು. ಆಗುಂಬೆಯಲ್ಲಿ ಕೊಡೆ ಬಿಚ್ಚುವ ತಿಂಗಳಲ್ಲೇ ಕ್ರೀಟ್‌ನ ಆಕಾಶದಲ್ಲಿ ಒಂದು ತುಂಡು ಮೋಡವೂ ಇರದಿರುವುದು ಬರೀ ಕಾಕತಾಳೀಯವಲ್ಲ.

ಕರಾವಳಿಯವ
ಮೇಷ್ಟ್ರೇ, ಹಾಗಾದರೆ ಗ್ರೀಕರು ನಮಗೆ ಬಾಡಿಗೆ ಕೊಡಬೇಕು.

ಮೈಸೂರು_ಸಂಗೀತಾ
ಗ್ರೀಸ್ ಪೂರ್ತಿ ಒಂದೇ ಹವೆಯೇ? ನನ್ನ ಗೆಳತಿ ಸೆಪ್ಟೆಂಬರ್ ಕೊನೆಯಲ್ಲಿ ಪಶ್ಚಿಮದ ಕೊರ್ಫು ದ್ವೀಪಕ್ಕೆ ಹೋಗಿ ಮಳೆಯಲ್ಲಿ ನೆನೆದು ಬಂದಳು. ಅದೇ ವಾರ ಕ್ರೀಟ್‌ನಲ್ಲಿದ್ದವರು ಸುಟ್ಟುಕೊಂಡು ಬಂದಿದ್ದಾರೆ.

ಹವಾಮಾನದ_ಮೇಷ್ಟ್ರು
ಒಂದೇ ಅಲ್ಲ. ದೇಶದ ಬೆನ್ನುಮೂಳೆಯಾಗಿ ಪಿಂಡಸ್ ಪರ್ವತಗಳಿವೆ. ಮಳೆ ತರುವ ಗಾಳಿ ಪಶ್ಚಿಮದಿಂದ ಬರುವುದರಿಂದ ಕೊರ್ಫು, ಯೊಯಾನಿನಾ ಕಡೆಗೆ ವರ್ಷಕ್ಕೆ 1000 ಮಿಲಿಮೀಟರ್ ದಾಟುತ್ತದೆ. ಮಳೆನೆರಳಿನ ಅಥೆನ್ಸಿಗೆ ಸುಮಾರು 400. ಉತ್ತರದ ಥೆಸಲೊನೀಕಿಯಲ್ಲಿ ಚಳಿಗಾಲಕ್ಕೆ ಬಾಲ್ಕನ್ ಕಡೆಯ ಶೀತಗಾಳಿ ನುಗ್ಗುತ್ತದೆ, ಮೆತ್ಸೊವೊದಂಥ ಬೆಟ್ಟದೂರುಗಳಲ್ಲಿ ಹಿಮ. ಕ್ರೀಟ್‌ನ ದಕ್ಷಿಣ ತೀರ ಲಿಬಿಯಾಗೆ ಮುಖ ಮಾಡಿದೆ, ಅಲ್ಲಿ ನವೆಂಬರ್ ಮೊದಲ ವಾರದಲ್ಲೂ ಈಜುವವರಿರುತ್ತಾರೆ. ಆದ್ದರಿಂದ "ಗ್ರೀಸ್‌ಗೆ ಯಾವಾಗ" ಎಂದು ಕೇಳುವ ಮೊದಲು "ಯಾವ ಗ್ರೀಸ್‌ಗೆ" ಎಂದು ಕೇಳಿಕೊಳ್ಳಬೇಕು.

ಪಿರೇಯಸ್_ಕಟ್ಟೆ
ಜುಲೈ ಪಕ್ಷದವರು ಒಂದು ವಿಷಯ ಮರೆತಿದ್ದಾರೆ: ಮೆಲ್ಟೆಮಿ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ ಗಾಳಿ. ಆಕಾಶ ಶುಭ್ರ, ಬಿಸಿಲು ಚೆನ್ನಾಗಿದೆ, ಆದರೆ ಗಾಳಿ ಕುರ್ಚಿಯನ್ನೇ ಹೊತ್ತೊಯ್ಯುತ್ತದೆ. ಮೈಕೊನೊಸ್, ತಿನೊಸ್, ನಾಕ್ಸೊಸ್ ಕಡೆ ಮೂರ್ನಾಲ್ಕು ದಿನ ಬಿಡದೆ ಬೀಸುವುದುಂಟು. ವೇಗದ ಹಡಗುಗಳು ಮೊದಲು ರದ್ದಾಗುತ್ತವೆ. ಹೊರಟರೂ ಒಳಗೆ ಅರ್ಧ ಜನ ವಾಂತಿಯ ಚೀಲ ಹಿಡಿದಿರುತ್ತಾರೆ. ಈ ಗಾಳಿ ಹೊಸದಲ್ಲ. ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಭಾಷಣಕಾರ ಡೆಮಾಸ್ತನೀಸ್ "ನಾವು ಹಡಗು ಬಿಡಲಾಗದ ಈ ಗಾಳಿಯ ಕಾಲ ನೋಡಿಯೇ ಮ್ಯಾಸಿಡೋನಿಯದ ದೊರೆ ಫಿಲಿಪ್ ದಾಳಿ ಮಾಡುತ್ತಾನೆ" ಎಂದು ಅಥೆನ್ಸಿನವರನ್ನು ಎಚ್ಚರಿಸಿದ್ದ.

ಒಂದು ಮಾತು ಅದರ ಪರವಾಗಿಯೂ ಹೇಳಬೇಕು. ದ್ವೀಪಗಳಲ್ಲಿ ಜುಲೈ ಸಹನೀಯವಾಗಿರುವುದು ಇದರಿಂದಲೇ. ಅಥೆನ್ಸ್ 40ರಲ್ಲಿ ಬೇಯುವಾಗ ನಾಕ್ಸೊಸ್ 30ರ ಹತ್ತಿರ ಇರುತ್ತದೆ. ಗಾಳಿ ಬೇಡವೆನ್ನುವವರು ಪಶ್ಚಿಮದ ಅಯೋನಿಯನ್ ದ್ವೀಪಗಳಿಗೆ ಹೋಗಲಿ.

ಆಗಸ್ಟ್ 15ರ ಆಸುಪಾಸು ಮಾತ್ರ ಯಾರೂ ಬರಬೇಡಿ. ಮೇರಿಮಾತೆಯ ಹಬ್ಬಕ್ಕೆ ಇಡೀ ಅಥೆನ್ಸ್ ದ್ವೀಪಗಳಿಗೆ ಗುಳೆ ಹೋಗುತ್ತದೆ, ಹಡಗಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಅನಂತಪುರ_ಗಡಿ
ಬೆಂಕಿಯ ವಿಷಯ ಯಾರೂ ಎತ್ತಲಿಲ್ಲ. 2018ರ ಜುಲೈ 23ರಂದು ಅಥೆನ್ಸಿನ ಪಕ್ಕದ ಮಾತಿ ಎಂಬ ಊರಿನಲ್ಲಿ ನೂರಕ್ಕೂ ಹೆಚ್ಚು ಜನ ಕಾಳ್ಗಿಚ್ಚಿಗೆ ಬಲಿಯಾದರು. 2023ರ ಜುಲೈನಲ್ಲಿ ರೋಡ್ಸ್ ದ್ವೀಪದಿಂದ ಸಾವಿರಾರು ಪ್ರವಾಸಿಗಳನ್ನು ರಾತ್ರೋರಾತ್ರಿ ತೆರವು ಮಾಡಿದರು. ಒಣಗಿದ ಪೈನ್ ಕಾಡು, ಮೇಲೆ ಆ ಮೆಲ್ಟೆಮಿ. ವಯಸ್ಸಾದವರನ್ನು ಕರೆದುಕೊಂಡು ಅಂಥ ತಿಂಗಳಲ್ಲಿ ಯಾಕೆ ಹೋಗಬೇಕು?

ರಾಯಚೂರು_ಬಿಸಿಲು
ಹೀಗೆ ಹೆದರಿದರೆ ಮನೆಯಲ್ಲೇ ಕೂರಬೇಕು. ಲಕ್ಷಾಂತರ ಜನ ಜುಲೈನಲ್ಲೇ ಹೋಗಿ ನಗುನಗುತ್ತಾ ಬರುತ್ತಾರೆ.

ಒಗ್ಗರಣೆ_ಡಬ್ಬಿ
ಊಟದ ಮಾತು ನಾನಾಡುತ್ತೇನೆ. ಸಸ್ಯಾಹಾರಿಗಳಿಗೆ ಈಸ್ಟರ್ ಹಿಂದಿನ ಉಪವಾಸದ ಕಾಲ ತುಂಬ ಒಳ್ಳೆಯದು. ಸುಮಾರು ಏಳು ವಾರ ಆಸ್ತಿಕ ಗ್ರೀಕರು ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. ಬೇಕರಿ, ಹೋಟೆಲ್ಲುಗಳಲ್ಲಿ "ನಿಸ್ತೀಸಿಮಾ" ಎಂದು ಕೇಳಿದರೆ ಉಪವಾಸದ ತಿನಿಸು ತೋರಿಸುತ್ತಾರೆ. ದೊಡ್ಡ ಬಿಳಿ ಅವರೆಯಂಥ ಕಾಳಿನ ಗಿಗಾಂತೆಸ್, ಸ್ಯಾಂಟೊರಿನಿಯ ಫಾವಾ (ನಮ್ಮ ಗಟ್ಟಿ ತೊವ್ವೆಗೆ ಹತ್ತಿರ, ಒಗ್ಗರಣೆ ಇಲ್ಲ ಅಷ್ಟೆ), ಬೇಯಿಸಿದ ಕಾಡುಸೊಪ್ಪಿಗೆ ಆಲಿವ್ ಎಣ್ಣೆ, ನಿಂಬೆರಸ. ಬೇಸಿಗೆಯಲ್ಲಾದರೆ ಅನ್ನ ತುಂಬಿಸಿದ ಟೊಮೆಟೊ, ದೊಣ್ಣೆಮೆಣಸಿನಕಾಯಿ.

ಎಚ್ಚರಿಕೆ ಒಂದೇ. ರಕ್ತವಿಲ್ಲದ ಜೀವಿ ಎಂದು ಆಕ್ಟೋಪಸ್, ಸ್ಕ್ವಿಡ್, ಸಿಗಡಿಗಳನ್ನು ಅವರು ಉಪವಾಸದಲ್ಲೂ ತಿನ್ನುತ್ತಾರೆ. ಗುಲಾಬಿ ಬಣ್ಣದ ಚಟ್ನಿಯಂತೆ ಕಾಣುವ ತರಮಸಲಾಟಾ ಮೀನಿನ ಮೊಟ್ಟೆಯದು. ಉಪವಾಸದ್ದು ಎಂದ ಕೂಡಲೇ ಬಾಯಿಗಿಡಬೇಡಿ.

ಸುತ್ತಾಟಪ್ರಿಯೆ
ಅಯ್ಯೋ, ಇದನ್ನು ಹೇಳಿದ್ದು ಒಳ್ಳೆಯದಾಯಿತು. ಅತ್ತೆಗೆ ಗೊತ್ತಾದರೆ ಊಟವನ್ನೇ ಬಿಟ್ಟುಬಿಡುತ್ತಾರೆ. 2027ರಲ್ಲಿ ಅವರ ಈಸ್ಟರ್ ಯಾವಾಗ?

ಒಗ್ಗರಣೆ_ಡಬ್ಬಿ
ಮಾರ್ಚ್ 28 ಎಂದು ಕ್ಯಾಲೆಂಡರಿನಲ್ಲಿದೆ.

ಪಿರೇಯಸ್_ಕಟ್ಟೆ
ಅದು ರೋಮಿನ ಲೆಕ್ಕ. ಗ್ರೀಕ್ ಆರ್ಥೊಡಾಕ್ಸ್ ಈಸ್ಟರ್ 2027ರಲ್ಲಿ ಮೇ 2. ಹಿಂದಿನ ವಾರ ಊರಿಗೆ ಹೊರಟವರಿಂದ ಹಡಗು, ಬಸ್ಸು ಭರ್ತಿ. ಗುಡ್ ಫ್ರೈಡೆಯಂದು ಸ್ಮಾರಕಗಳು ಮಧ್ಯಾಹ್ನದ ಮೇಲೆ ತೆರೆಯುತ್ತವೆ, ಈಸ್ಟರ್ ಭಾನುವಾರ ಪೂರ್ತಿ ಬಂದ್. ಹಬ್ಬವನ್ನೇ ನೋಡಬೇಕೆಂದರೆ ಕೊರ್ಫುವಿಗೆ ಹೋಗಿ, ಶನಿವಾರ ಬೆಳಿಗ್ಗೆ ಮಹಡಿಗಳಿಂದ ನೀರು ತುಂಬಿದ ಮಣ್ಣಿನ ಮಡಕೆಗಳನ್ನು ಬೀದಿಗೆ ಎಸೆದು ಒಡೆಯುತ್ತಾರೆ. ನೋಡುವುದು ಬೇಡವೆಂದರೆ ಮೇ 4, 5ರ ನಂತರ ಬನ್ನಿ. ಆಗ ಜನ ಕಡಿಮೆ, ಹಗಲು 25 ಡಿಗ್ರಿ, ಬೆಟ್ಟಗಳಲ್ಲೆಲ್ಲ ಕೆಂಪು ಗಸಗಸೆ ಹೂವು. ನನ್ನನ್ನು ಕೇಳಿದರೆ ವರ್ಷದ ಅತ್ಯುತ್ತಮ ಕಾಲ ಅದೇ.

ಶಿವಮೊಗ್ಗ_ಟು_ಸ್ಟುಟ್‌ಗಾರ್ಟ್
ಮಗುವಿಗೆ ಈಜಬೇಕು ಎಂದು ಮೊದಲೇ ಬರೆದಿದ್ದಾರೆ. ಮೇ ಮೊದಲ ವಾರದಲ್ಲಿ ಕ್ರೀಟ್‌ನ ನೀರು 19 ಡಿಗ್ರಿ. ಜರ್ಮನಿಯ ಅಜ್ಜಿಯರು ಇಳಿಯುತ್ತಾರೆ, ಬೆಂಗಳೂರಿನ ಹುಡುಗಿ ಮೊಣಕಾಲು ನೆನೆಸಿ ಚೀರುತ್ತಾಳೆ. ಗಾಳಿ ಬೇಗ ಬಿಸಿಯಾಗುತ್ತದೆ, ಕಡಲು ನಿಧಾನ. ಅಕ್ಟೋಬರ್ ಮೊದಲೆರಡು ವಾರಗಳಲ್ಲಿ ನೀರು ಇನ್ನೂ 23ರಲ್ಲಿರುತ್ತದೆ, ಹಗಲಿನ ಬಿಸಿಲು ಮೇ ತಿಂಗಳಿನಷ್ಟೇ ಸೌಮ್ಯ. ನಾವು ಕ್ರೀಟ್‌ನ ಖಾನಿಯಾದಲ್ಲಿ ದಸರಾ ಹೊತ್ತಿಗೇ ಇದ್ದೆವು. ಮಕ್ಕಳು ನೀರಿನಿಂದ ಹೊರಗೇ ಬರಲಿಲ್ಲ.

ಪಿರೇಯಸ್_ಕಟ್ಟೆ
ಅಕ್ಟೋಬರಿನಲ್ಲಿ ಮಳೆ ಶುರುವಾಗುವುದನ್ನೂ ಹೇಳಿ.

ಶಿವಮೊಗ್ಗ_ಟು_ಸ್ಟುಟ್‌ಗಾರ್ಟ್
ಒಂದೆರಡು ಗಂಟೆಯ ಗುಡುಗುಮಳೆ. ಶಿವಮೊಗ್ಗದವನಿಗೆ ಅದನ್ನು ಮಳೆ ಎನ್ನಲು ನಾಚಿಕೆ.

ಹವಾಮಾನದ_ಮೇಷ್ಟ್ರು
ಅಷ್ಟು ಹಗುರವಾಗಿ ತಳ್ಳಬೇಡಿ. ಬೇಸಿಗೆಯಿಡೀ ಕಾದ ಸಮುದ್ರದ ಮೇಲೆ ಶರತ್ಕಾಲದ ಮೊದಲ ತಣ್ಣನೆಯ ಗಾಳಿ ಬಂದಾಗಲೇ ಅಲ್ಲಿ ಅತಿವೃಷ್ಟಿಯಾಗುವುದು. 2020ರ ಸೆಪ್ಟೆಂಬರಿನಲ್ಲಿ ಇಯಾನೊಸ್ ಎಂಬ, ಚಂಡಮಾರುತವನ್ನೇ ಹೋಲುವ ಬಿರುಗಾಳಿ ಕೆಫಲೋನಿಯಾ ಮತ್ತು ಕಾರ್ದಿತ್ಸಾ ಕಡೆ ಹೊಡೆಯಿತು. 2023ರ ಸೆಪ್ಟೆಂಬರಿನ ಡೇನಿಯಲ್ ಇನ್ನೂ ಭೀಕರ. ಪೀಲಿಯನ್ ಬೆಟ್ಟದ ಜಾಗೋರಾದಲ್ಲಿ ಒಂದು ದಿನದೊಳಗೆ 750 ಮಿಲಿಮೀಟರಿಗೂ ಹೆಚ್ಚು ಸುರಿದು ಥೆಸಲಿ ಬಯಲು ಕೆರೆಯಾಯಿತು. ಅಥೆನ್ಸಿನ ಒಂದೂವರೆ ವರ್ಷದ ಮಳೆಗಿಂತ ಹೆಚ್ಚು! ಶಿವಮೊಗ್ಗದವರೂ ಅದನ್ನು ಮಳೆ ಎನ್ನಬಹುದು.

ಅಂಥದ್ದು ಪ್ರತಿವರ್ಷ ಬರುವುದಿಲ್ಲ, ದ್ವೀಪಗಳಿಗಿಂತ ಒಳನಾಡಿಗೆ ಹೆಚ್ಚು ಕಾಟ. ಆದರೂ ಹೊರಡುವ ವಾರ ಮುನ್ಸೂಚನೆ ನೋಡದೆ ವಿಮಾನ ಹತ್ತಬಾರದು.

ಧಾರವಾಡ_ಪೇಡೆ
ಅತ್ತೆಯವರ ಉಬ್ಬಸದ ಬಗ್ಗೆ ಯಾರೂ ಯೋಚಿಸಲಿಲ್ಲ. ವಸಂತಕಾಲದಲ್ಲಿ ಸಹಾರಾದ ಧೂಳು ದಕ್ಷಿಣದ ಗಾಳಿಯ ಜೊತೆ ಗ್ರೀಸ್ ಮೇಲೆ ಬರುತ್ತದೆ. 2024ರ ಏಪ್ರಿಲ್ 23ರಂದು ಅಥೆನ್ಸಿನ ಆಕಾಶವೆಲ್ಲ ಕಿತ್ತಳೆ ಬಣ್ಣವಾಗಿದ್ದ ಚಿತ್ರಗಳನ್ನು ನೋಡಿರಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಇದರ ಕಾಟ ಜಾಸ್ತಿ. ಮೇ ತಿಂಗಳಿನಲ್ಲಿ ಆಲಿವ್ ಮರಗಳ ಪರಾಗ ಬೇರೆ. ಇನ್ಹೇಲರ್ ಕೈಚೀಲದಲ್ಲೇ ಇರಲಿ, ವೈದ್ಯರ ಚೀಟಿಯೂ ಇರಲಿ. ಈ ಒಂದು ಕಾರಣಕ್ಕೆ ನನ್ನ ಮತ ದಸರಾ ರಜೆಗೆ.

ಕಾಸಿಗೆ_ಕಾಸು
ನೋಡಿ, ಮೇ ಬೇಡ, ಜುಲೈ ಬೇಡ, ಸೆಪ್ಟೆಂಬರ್ ಬೇಡ. ಕೊನೆಗೆ ನನ್ನ ಜನವರಿಗೇ ಬರುತ್ತೀರಿ.

ಮಲೆನಾಡ_ಮಂಜು
ಟರ್ಕಿಗೆ ಹೋಗಬಹುದಲ್ಲ? ಖರ್ಚು ಕಡಿಮೆ, ಅದೇ ಸಮುದ್ರ, ಬಿಸಿಗಾಳಿಯ ಬಲೂನು ಬೇರೆ ಇದೆ.

ವೇದಿಕೆ_ನಿರ್ವಾಹಕ
ಟರ್ಕಿಗೆ ಬೇರೆ ಚರ್ಚೆ ನಡೆಯುತ್ತಿದೆ, ಅಲ್ಲಿಗೆ ಹೋಗಿ. ಇಲ್ಲಿ ಗ್ರೀಸ್ ಮಾತ್ರ.

ಮೈಸೂರು_ಸಂಗೀತಾ
ಮಾವನವರ ಮಂಡಿಗೆ: ಅಕ್ರೊಪೊಲಿಸ್‌ನಲ್ಲಿ ನಡೆಯಲು ತೊಂದರೆಯಿರುವವರಿಗೆ ಲಿಫ್ಟ್ ಇದೆ, ಮೊದಲೇ ವಿಚಾರಿಸಿಕೊಳ್ಳಿ. ಜೋರು ಗಾಳಿಯಿದ್ದರೆ ನಿಲ್ಲಿಸುತ್ತಾರೆ. ಬಂಡೆಗಳ ಮೇಲೆ ಮಠಗಳಿರುವ ಮೆಟೆಯೋರಾ ಸೇರಿಸುವುದಾದರೆ ಸೇಂಟ್ ಸ್ಟೀಫನ್ ಮಠ ನೋಡಿ. ದೊಡ್ಡ ಮಠಕ್ಕೆ ನೂರಾರು ಮೆಟ್ಟಿಲು, ಇದಕ್ಕೆ ಒಂದು ಸಣ್ಣ ಸೇತುವೆ ದಾಟಿದರೆ ಸಾಕು. ಕ್ರೀಟ್‌ನ ಸಮಾರಿಯಾ ಕಣಿವೆ ಅವರಿಗೆ ಆಗದು. 16 ಕಿಲೋಮೀಟರ್ ಕಲ್ಲುದಾರಿ, ಅದೂ ಸಾಮಾನ್ಯವಾಗಿ ಮೇ ಆರಂಭದಿಂದ ಅಕ್ಟೋಬರ್ ಕೊನೆಯವರೆಗಷ್ಟೇ ತೆರೆದಿರುತ್ತದೆ.

ಸುತ್ತಾಟಪ್ರಿಯೆ
ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಬೆಂಕಿ ಮತ್ತು ವಾಂತಿಯ ಚೀಲದ ಮಾತು ಕೇಳಿ ಯಜಮಾನರು ಜುಲೈ ಕೈಬಿಟ್ಟರು. ಮಗಳು ದಸರಾ ಎಂದು ಹಟ ಹಿಡಿದಿದ್ದಾಳೆ, ಮಾವನಿಗೆ ಮನೆಯ ಗೊಂಬೆ ಬಿಟ್ಟು ಹೋಗಲು ಮನಸ್ಸಿಲ್ಲ. ಸದ್ಯಕ್ಕೆ ಗೊಂಬೆ ಸೋಲುವ ಲಕ್ಷಣ. ದಸರಾ ಆದರೆ ಯಾವ ಕ್ರಮದಲ್ಲಿ ಸುತ್ತಬೇಕು?

ಪಿರೇಯಸ್_ಕಟ್ಟೆ
ಮೊದಲು ದ್ವೀಪಗಳು, ಕೊನೆಗೆ ಅಥೆನ್ಸ್. ಅಕ್ಟೋಬರಿನಲ್ಲಿ ದಿನ ಕಳೆದಂತೆ ಸಮುದ್ರ ಕೆಡುತ್ತದೆಯೇ ಹೊರತು ಸುಧಾರಿಸುವುದಿಲ್ಲ. ಭಾರತಕ್ಕೆ ವಾಪಸಾಗುವ ವಿಮಾನದ ಹಿಂದಿನ ದಿನ ಯಾವ ಕಾರಣಕ್ಕೂ ಹಡಗಿನಲ್ಲಿರಬೇಡಿ. ನೌಕಾಯಾನ ನಿಷೇಧವಾದರೆ ಹಡಗಿನ ಟಿಕೆಟ್ ಹಣ ಹಿಂದಿರುಗುತ್ತದೆ, ತಪ್ಪಿದ ವಿಮಾನದ ಹಣ ಯಾರೂ ಕೊಡುವುದಿಲ್ಲ. ವೀಸಾ ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಲು ಅವಕಾಶವಿದೆ, ಆಗಸ್ಟ್‌ವರೆಗೆ ಕಾಯಬೇಡಿ.

ತುಮಕೂರು_ತೆಂಗು
ತಡವಾಗಿ ಬಂದೆ. ಮೇಲೆ ಹೇಳಿದ ನವೆಂಬರ್ ಕೊನೆಯ ಅರ್ಧ ಬೆಲೆಯ ಪ್ಯಾಕೇಜ್ ಇದೆಯಲ್ಲ, ಅದೇ ಏಜೆಂಟರೋ ಬೇರೆಯವರೋ ಗೊತ್ತಿಲ್ಲ, ನಾವು ಮುಂಗಡ ಕೊಟ್ಟುಬಿಟ್ಟಿದ್ದೇವೆ. ಹಣ ವಾಪಸ್ ಇಲ್ಲವಂತೆ. ಈಗೇನು ಮಾಡುವುದು?

ಕರಾವಳಿಯವ
ಕೊಡೆ ತೆಗೆದುಕೊಂಡು ಹೋಗಿ.

ಪಿರೇಯಸ್_ಕಟ್ಟೆ
ಹಣ ಬಾರದಿದ್ದರೆ ದಾರಿ ಬದಲಿಸಿಕೊಡಿ ಎಂದು ಪಟ್ಟು ಹಿಡಿಯಿರಿ, ಹಲವರು ಒಪ್ಪುತ್ತಾರೆ. ಸ್ಯಾಂಟೊರಿನಿ ತೆಗೆಸಿ, ಅಥೆನ್ಸ್, ನಾಫ್ಲಿಯೊ, ಡೆಲ್ಫಿ, ಮೆಟೆಯೋರಾ ಹಾಕಿಸಿ. ಎಲ್ಲಕ್ಕೂ ರಸ್ತೆಯಿದೆ, ಹಡಗಿನ ಗೊಡವೆ ಇಲ್ಲ. ನಾಫ್ಲಿಯೊ ಸುತ್ತ ಆಗ ಕಿತ್ತಳೆ ಹಣ್ಣಾಗುತ್ತಿರುತ್ತದೆ, ತೋಟಗಳಲ್ಲಿ ಆಲಿವ್ ಕೊಯ್ಲು ನಡೆಯುತ್ತಿರುತ್ತದೆ. ಸ್ಮಾರಕಗಳು ಚಳಿಗಾಲದಲ್ಲಿ ಬೇಗ ಮುಚ್ಚುತ್ತವೆ, ಆದ್ದರಿಂದ ಬೆಳಗಿನ ತಿಂಡಿಗೆ ಹೆಚ್ಚು ಹೊತ್ತು ಕೂರಬೇಡಿ. ಮಳೆ ಬಂದರೆ ಅಥೆನ್ಸಿನ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಇಡೀ ದಿನ ಕಳೆಯಬಹುದು.

ತುಮಕೂರು_ತೆಂಗು
ಏಜೆಂಟರಿಗೆ ಈಗಲೇ ಕರೆ ಮಾಡುತ್ತೇನೆ. ನಾಫ್ಲಿಯೊ ಎಂದರೆ ಅವರಿಗೆ ಗೊತ್ತಾಗುತ್ತದೆಯೇ?

ಪಿರೇಯಸ್_ಕಟ್ಟೆ
ಗೊತ್ತಾಗದಿದ್ದರೆ ನಕ್ಷೆ ಕಳಿಸಿ. ಅಥೆನ್ಸಿನಿಂದ ಬಸ್ಸಿನಲ್ಲಿ ಎರಡು, ಎರಡೂವರೆ ಗಂಟೆ ಎಂದು ಹೇಳಿ.